ಡೇನಿಯಲ್ಸ್‌ನಲ್ಲಿ ಗ್ರಿಫಿನ್‌ನನ್ನು ಹುಡುಕೋರಿಗೆ

ಅಮೆರಿಕನ್ ಫುಟ್‌ಬಾಲ್‌ನ ವಾಷಿಂಗ್ಟನ್ ತಂಡದ ಅಭಿಮಾನಿಗಳ ಮುಂದೆ ಜೇಡನ್ ಡೇನಿಯಲ್ಸ್ ಅಂತ ಹೇಳಿ ನೋಡಿ, ಯಾರಾದರೊಬ್ಬರು ರಾಬರ್ಟ್ ಗ್ರಿಫಿನ್ ಹೆಸರು ಎತ್ತಿಯೇ ಎತ್ತುತ್ತಾರೆ. ಎತ್ತದೆ ಇರೋಕೂ ಆಗಲ್ಲ ಬಿಡಿ. ಇಬ್ಬರೂ ಕಾಲೇಜಿನಲ್ಲಿ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ಗೆದ್ದವರು. ಇಬ್ಬರನ್ನೂ ಇದೇ ತಂಡ ಡ್ರಾಫ್ಟ್‌ನ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನ ಆರಿಸೋದು) ಎರಡನೇ ಆಯ್ಕೆಯಾಗಿ ತಂದಿದ್ದು, ಒಬ್ಬನನ್ನು 2012ರಲ್ಲಿ, ಇನ್ನೊಬ್ಬನನ್ನು 2024ರಲ್ಲಿ. ಮೊದಲ ವರ್ಷ ಗ್ರಿಫಿನ್ ಓಡಿದ 815 ಗಜ ಹೊಸ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ (ಚೆಂಡು ಎಸೆದು ದಾಳಿ ನಡೆಸೋರು) ದಾಖಲೆಯಾಗಿತ್ತು. ಅದನ್ನ ಅಳಿಸಿದ್ದು ಡೇನಿಯಲ್ಸ್, 891 ಓಡಿ.

ಅಂಕಿ-ಅಂಶದಲ್ಲಿ ಅವಳಿ-ಜವಳಿ, ಒಪ್ಪಿದೆ. ಆಟದಲ್ಲಿ ಅಲ್ಲ. ಗ್ರಿಫಿನ್‌ದು ಓಟಗಾರನ ಕಾಲು. ಚೆಂಡು ಹಿಡಿದು ಓಡೋ ಆಲ್ಫ್ರೆಡ್ ಮಾರಿಸ್‌ಗೆ ಚೆಂಡು ಕೊಡೋ ಹಾಗೆ ತೋರಿಸಿ, ಎದುರಾಳಿ ಆ ಕಡೆ ಬಿದ್ದಾಗ ಈ ಕಡೆಯಿಂದ ಎಸೆಯೋದು. ಡೇನಿಯಲ್ಸ್‌ಗೆ ಅವಸರವೇ ಇಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಾಗಲೂ ಬಸ್ಸಿಗೆ ಕಾಯ್ತಿರೋನ ಹಾಗೆ ನಿಂತಿರ್ತಾನೆ. ಮೊದಲ ವರ್ಷವೇ ಡೆಟ್ರಾಯ್ಟ್‌ಗೆ ಹೋಗಿ 45-31 ಗೆದ್ದು ಬಂದ ಹುಡುಗ.

ಆದರೂ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ನಾವು, ಮಜ್ಜಿಗೆಯನ್ನೂ ಊದಿಕೊಂಡೇ ಕುಡಿಯೋದು. 2013ರ ಜನವರಿ 6 ಮರೆಯೋದು ಹೇಗೆ? ಸಿಯಾಟಲ್ ಮೇಲೆ 14-0 ಮುಂದೆ ಇದ್ವಿ. ಡಿಸೆಂಬರ್‌ನಲ್ಲೇ ಏಟು ತಿಂದಿದ್ದ ಬಲ ಮೊಣಕಾಲು ಮತ್ತೆ ನೋಯ್ತಿತ್ತು, ಗ್ರಿಫಿನ್ ಕುಂಟುತ್ತಿದ್ದ. ಟೀವಿ ಮುಂದೆ ಕೂತಿದ್ದ ನಮಗೇ ಕಾಣ್ತಿತ್ತು. ಬೆಂಚಿನಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಇದ್ದ. ಆಡ್ತೀನಿ ಅಂದ ಹುಡುಗ, ಬಿಟ್ಟರು ಕೋಚ್ ಮೈಕ್ ಶಾನಹನ್. ಕೊನೆಯ ಕ್ವಾರ್ಟರ್‌ನಲ್ಲಿ ಸ್ನ್ಯಾಪ್ (ಪ್ರತಿ ಸಲ ಆಟ ಶುರುಮಾಡೋಕೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಹಿಂದಕ್ಕೆ ಕೊಡೋದು) ಕೆಟ್ಟು ಚೆಂಡು ನೆಲಕ್ಕೆ ಬಿತ್ತು. ಹಿಡಿಯೋಕೆ ಬಗ್ಗಿದ, ಮೊಣಕಾಲು ಒಳಕ್ಕೆ ಮಡಚಿಕೊಂಡಿತು. ಯಾರೂ ಮುಟ್ಟಿರಲೂ ಇಲ್ಲ. ಎರಡು ಲಿಗಮೆಂಟ್ ಹರಿದವು, ಪಂದ್ಯವೂ 24-14 ಹೋಯಿತು. ಮುಂದಿನ ಸೀಸನ್‌ನ ಮೊದಲ ಪಂದ್ಯಕ್ಕೇ ಮತ್ತೆ ಇಳಿಸಿದರು. 2015ರ ಸೀಸನ್‌ನಲ್ಲಿ ಅವನಿಗೆ ಒಂದು ಸ್ನ್ಯಾಪೂ ಸಿಗಲಿಲ್ಲ.

ಅದಕ್ಕೇ ನಾನು ಹೋಲಿಸೋದು ಇವರಿಬ್ಬರ ಕಾಲನ್ನಲ್ಲ, ಅವರನ್ನ ಒಳಗೆ ಬಿಟ್ಟವರನ್ನ. 2025ರ ನವೆಂಬರ್ 2. ನಮ್ಮ ತಂಡದ ಅದೇ ಲ್ಯಾಂಡೋವರ್ ಮೈದಾನ (ಹೆಸರು ಮಾತ್ರ ಬದಲಾಗಿದೆ), ಅದೇ ಸಿಯಾಟಲ್. ಸ್ಕೋರು 38-7, ಸೋತಾಗಿದೆ, ಕೊನೆಯ ಕ್ವಾರ್ಟರ್. ಡೇನಿಯಲ್ಸ್ ಇನ್ನೂ ಒಳಗೇ! ಬಿದ್ದ ರಭಸಕ್ಕೆ ಎಡ ಮೊಣಕೈ ತಿರುಚಿ ಕೀಲು ತಪ್ಪಿತು. ಆ ರೀಪ್ಲೇ ನಾನು ಎರಡನೇ ಸಲ ನೋಡಲಿಲ್ಲ. 31 ಪಾಯಿಂಟ್ ಹಿಂದೆ ಇರೋವಾಗ ಯಾವ ಪುರುಷಾರ್ಥಕ್ಕೆ ಅವನನ್ನ ಆಡಿಸ್ತಿದ್ರು? ಹನ್ನೆರಡು ವರ್ಷ ಕಳೆದರೂ ನಮ್ಮವರು ಕಲಿತಿದ್ದು ಇಷ್ಟೇನಾ ಅನ್ನಿಸ್ತು.

ಒಂದು ವ್ಯತ್ಯಾಸ ಮಾತ್ರ ಒಪ್ಪಬೇಕು. ಈ ಸಲದ ಕೋಚ್ ಡ್ಯಾನ್ ಕ್ವಿನ್ ತಪ್ಪು ತನ್ನದೇ ಅಂತ ನೇರವಾಗಿ ಹೇಳಿದರು, ಹುಡುಗನ ಮೇಲೆ ಹಾಕಲಿಲ್ಲ. ಡಿಸೆಂಬರ್‌ನಲ್ಲಿ ಮಿನೆಸೋಟ ವಿರುದ್ಧ ಮತ್ತೆ ಇಳಿದ, ಅದೇ ಮೊಣಕೈ ಮತ್ತೆ ನೋಯಿತು. ಆಮೇಲೆ ಉಳಿದ ಪಂದ್ಯಗಳಿಗೂ ಕೂರಿಸಿಬಿಟ್ಟರು. ತಂಡದ ನಾಯಕನನ್ನ ಆಡಿಸಲ್ಲ ಅನ್ನೋ ಸುದ್ದಿ ಓದಿ ಖುಷಿಪಟ್ಟಿದ್ದು ಅದೇ ಮೊದಲು.