ಆಧಾರ್‌ಗೆ ನೂರು ಕಾಪಿ, ಅಂಗಡಿ ಲೆಕ್ಕಕ್ಕೆ ಒಂದೇ

ನಿಮ್ಮ ಆಧಾರ್ ಕಾರ್ಡಿನ ಕಾಪಿ ಈಗ ಎಲ್ಲೆಲ್ಲಿದೆ ಅಂತ ಒಂದ್ಸಲ ಯೋಚನೆ ಮಾಡಿ ನೋಡಿ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು. ಸಿಮ್ ಮಾರಿದವನ ಹತ್ತಿರ ಒಂದು. ಸೊಸೈಟಿ ಸಾಲಕ್ಕೆ, ಬೆಳೆ ವಿಮೆಗೆ, ಗ್ಯಾಸ್ ಕನೆಕ್ಷನ್ನಿಗೆ, ಮಗಳ ಹಾಸ್ಟೆಲ್ಲಿಗೆ ಕೊಟ್ಟದ್ದು ಬೇರೆ. ಟೂರ್ ಹೋದಾಗ ಲಾಡ್ಜಿನವರ ಮೊಬೈಲಿಗೆ ಕಳಿಸಿದ್ದು ಇನ್ನೂ ಬೇರೆ. ಲೆಕ್ಕ ಸಿಗುವುದಿಲ್ಲ, ಅಲ್ವಾ?

ಈಗ ಇನ್ನೊಂದು ಪ್ರಶ್ನೆ. ನಿಮ್ಮ ಅಂಗಡಿಯ ಅಥವಾ ಮಂಡಿಯ ಇಷ್ಟು ವರ್ಷದ ಲೆಕ್ಕ ಎಲ್ಲೆಲ್ಲಿದೆ? ಇದಕ್ಕೆ ಉತ್ತರ ಸುಲಭ. ಒಂದೇ ಕಡೆ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಧೂಳು ಹಿಡಿದು ಕೂತಿರುವ ಆ ಒಂದು ಸಿಪಿಯು ಒಳಗೆ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬದುಕುವವನು ನಾನು. ದಿನಾ ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟೇ. ಹರಡಬಾರದ ಕಾಗದ ಊರೆಲ್ಲ ಹರಡಿದೆ. ಎರಡು ಕಡೆ ಇರಲೇಬೇಕಾದ ಲೆಕ್ಕ ಒಂದೇ ಕಡೆ ಇದೆ. ಹ್ಯಾಕರ್, ವೈರಸ್ ಎಲ್ಲ ಆಮೇಲಿನ ಮಾತು. ಆದರೆ ಜನ ಅಂಗಡಿಗೆ ಬಂದ ಕೂಡಲೇ ಕೇಳುವುದು "ಯಾವ ಆಂಟಿವೈರಸ್ ಹಾಕಿಸ್ಬೇಕು?" ಅಂತ. ಅಸಲಿ ವಿಂಡೋಸ್ ಇದ್ದು, ಅಪ್‌ಡೇಟ್ ನಿಲ್ಲಿಸದೇ ಇದ್ದರೆ ಅದರಲ್ಲೇ ಬರುವ ಡಿಫೆಂಡರ್ ಮನೆಗೂ ಸಣ್ಣ ಅಂಗಡಿಗೂ ಸಾಕು. ಹೀಗೆ ಹೇಳಿದರೆ ನನ್ನ ವ್ಯಾಪಾರಕ್ಕೇ ಕಲ್ಲು. ಆದರೂ ಇರುವುದು ಹಾಗೇ.

ಜೆರಾಕ್ಸ್ ಅಂಗಡಿಯಿಂದಲೇ ಶುರು ಮಾಡೋಣ. ಯಾವ ತಾಲ್ಲೂಕಿಗೆ ಹೋದರೂ ಅದೇ ನೋಟ. ಗೋಡೆ ಮೇಲೆ ದೊಡ್ಡದಾಗಿ ಒಂದು ನಂಬರ್, ಕೆಳಗೆ "ಪ್ರಿಂಟ್‌ಗೆ ವಾಟ್ಸಾಪ್ ಮಾಡಿ" ಅಂತ. ಕಂಪ್ಯೂಟರಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ವಾಟ್ಸಾಪ್ ವೆಬ್ ತೆರೆದೇ ಇರುತ್ತದೆ. ರಿಪೇರಿಗೆ ಬಂದ ಇಂಥ ಮೆಷಿನ್ನಿನಲ್ಲಿ ಜಾಗ ಖಾಲಿ ಮಾಡಬೇಕಾದಾಗ ನಾನು ಮೊದಲು ನೋಡುವುದು ಡೌನ್‌ಲೋಡ್ಸ್ ಫೋಲ್ಡರ್. ಆಧಾರ್, ಪಾನ್ ಕಾರ್ಡ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಯಾರದ್ದೋ ಸ್ಕ್ಯಾನಿಂಗ್ ರಿಪೋರ್ಟ್. ವರ್ಷಗಟ್ಟಲೆಯ ರಾಶಿ. ಒಬ್ಬ ಮನುಷ್ಯನ ಹೆಸರಿನಲ್ಲಿ ಏನೇನು ಮಾಡಬೇಕೋ ಅದಕ್ಕೆಲ್ಲ ಬೇಕಾದ ಕಾಗದ ಅಲ್ಲೇ ಇರುತ್ತದೆ. ಎಷ್ಟೋ ಸಲ ಫೋನ್ ನಂಬರಿನ ಸಮೇತ.

ಅಂಗಡಿಯ ಹುಡುಗ ಕಳ್ಳ ಅಂತ ನಾನು ಹೇಳುತ್ತಿಲ್ಲ. ಪಾಪ, ಅವನಿಗೆ ಡಿಲೀಟ್ ಮಾಡಲು ಪುರುಸೊತ್ತೇ ಇಲ್ಲ. ಸರದಿಯಲ್ಲಿ ಹತ್ತು ಜನ ನಿಂತಿರುತ್ತಾರೆ. ಆದರೆ ಅದೇ ಕಂಪ್ಯೂಟರಿಗೆ ಊರಿನವರ ಪೆನ್‌ಡ್ರೈವ್ ಎಲ್ಲ ಚುಚ್ಚುತ್ತಾರೆ. ವಿಂಡೋಸ್ ಕ್ರ್ಯಾಕ್ ಮಾಡಿದ್ದು. ಪೆನ್‌ಡ್ರೈವಿನ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ನಮ್ಮ ಕಡೆ ಹಳೇ ನೆಂಟ. ಅದನ್ನು ಓಡಿಸಿದರೆ ಮುಂದಿನ ವಾರ ಮತ್ತೆ ಬರುತ್ತದೆ. ಅಂಥ ಮೆಷಿನ್ನಿಗೆ ಹೊರಗಿನವನು ಯಾರಾದರೂ ನುಸುಳಿದರೆ ಅವನಿಗೆ ಸಿಗುವುದು ಒಬ್ಬರ ಕಾಗದ ಅಲ್ಲ, ಹೋಬಳಿಯವರದ್ದೆಲ್ಲ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಅಕ್ಷರ, ಇಂಗ್ಲಿಷಿನಲ್ಲಿ, ಆಮೇಲೆ ಹುಟ್ಟಿದ ವರ್ಷ. ಅಂಗಡಿಯವನಿಗೆ ಪ್ರಿಂಟ್ ತೆಗೆಯಲು ನೀವೇ ಅದನ್ನು ಗಟ್ಟಿಯಾಗಿ ಹೇಳಿರುತ್ತೀರಿ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಸೂಚನೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿದರೆ ಪೂರ್ತಿ ಅಳಿಸಿ, ಲೈಸೆನ್ಸ್ ಇಲ್ಲದ ಹೋಟೆಲ್, ಸಿನಿಮಾ ಹಾಲಿನವರು ಕಾಪಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ. ಜನ ಗಾಬರಿಯಾದರು. ಎರಡೇ ದಿನದಲ್ಲಿ, ತಪ್ಪು ಅರ್ಥ ಬರುತ್ತದೆ ಅಂತ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ನನ್ನ ಮಟ್ಟಿಗೆ ಆ ಎರಡು ದಿನದ ಸೂಚನೆಯಲ್ಲಿ ಇದ್ದದ್ದೆಲ್ಲ ಸರಿಯಾದ ಮಾತೇ. ಅದರಲ್ಲೇ ಹೇಳಿದ್ದ ಮಾಸ್ಕ್ಡ್ ಆಧಾರ್ ಈಗಲೂ ಇದೆ. ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಒಂದು ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ತೋರಿಸುತ್ತದೆ. ಗುರುತಿಗೆ ಕೇಳಿದ ಕಡೆ ಅದನ್ನೇ ಕೊಡಿ. ಪೂರ್ತಿ ನಂಬರ್ ಬೇಕೇ ಬೇಕು ಅಂದರೆ ಮಾತ್ರ ಪೂರ್ತಿದು. ಆಗಲೂ ಜೆರಾಕ್ಸ್ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಪೆನ್ನಿನಲ್ಲಿ ಬರೆಯಿರಿ. ಪ್ರಿಂಟ್ ಆದಮೇಲೆ "ತಮ್ಮಾ, ಅದನ್ನ ಡಿಲೀಟ್ ಮಾಡು, ರೀಸೈಕಲ್ ಬಿನ್ನಿಂದಲೂ ತೆಗಿ" ಅಂತ ಹೇಳಿ ನಿಂತುಕೊಳ್ಳಿ. ನಿಮ್ಮ ವಾಟ್ಸಾಪಿನಲ್ಲಿ ಅಳಿಸಿದರೆ ಅವನ ಕಂಪ್ಯೂಟರಿಗೆ ಇಳಿದದ್ದು ಅಳಿಯುವುದಿಲ್ಲ.

ಕಾಪಿ ಹೋದರೆ ಏನಾಗುತ್ತದೆ ಅಂತ ಕೇಳುವವರಿಗೆ ಮೂರು ಸಂಗತಿ. ಬೇರೆಯವರ ಪಾನ್, ಆಧಾರ್ ಇಟ್ಟುಕೊಂಡು ಸುಳ್ಳು ಜಿಎಸ್‌ಟಿ ನೋಂದಣಿ ಮಾಡಿಸುವ ದಂಧೆ ಎಷ್ಟು ಜೋರಾಗಿತ್ತು ಅಂದರೆ, 2023ರಲ್ಲಿ ಅದನ್ನು ಹಿಡಿಯಲೆಂದೇ ದೇಶಾದ್ಯಂತ ಎರಡು ತಿಂಗಳ ಕಾರ್ಯಾಚರಣೆ ನಡೆಯಿತು. ಕೂಲಿ ಮಾಡುವವರ ಹೆಸರಿಗೆ ಕೋಟಿ ವ್ಯವಹಾರದ ನೋಟಿಸ್ ಬರುವುದು ಹೀಗೇ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ನಿಮ್ಮ ಪಾನ್ ನಂಬರ್ ಹಾಕಿ ಹುಡುಕಬಹುದು. ಲಾಗಿನ್ ಬೇಡ. ನಿಮ್ಮ ಹೆಸರಿನಲ್ಲಿ ಗೊತ್ತಿಲ್ಲದ ನೋಂದಣಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು ಸಿಮ್. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನಿಮ್ಮದಲ್ಲದ್ದನ್ನು ಅಲ್ಲಿಂದಲೇ ತಿಳಿಸಬಹುದು.

ಮೂರನೆಯದು ಹೆಬ್ಬೆಟ್ಟು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಒಟಿಪಿ ಇಲ್ಲದೆ ದುಡ್ಡು ತೆಗೆಯುವ ವ್ಯವಸ್ಥೆ ಇದೆ. ಬ್ಯಾಂಕ್ ದೂರ ಇರುವ ಹಳ್ಳಿಗಳಿಗೆ ಅದು ಉಪಕಾರವೇ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ, ನೋಂದಣಿಯಾದ ಜಮೀನು ಪತ್ರಗಳಲ್ಲಿದ್ದ ಬೆರಳಚ್ಚು ತೆಗೆದು, ಅದರ ನಕಲು ಮಾಡಿ ಜನರ ಖಾತೆಯಿಂದ ದುಡ್ಡು ಎತ್ತಿದ ಪ್ರಕರಣ ಸಾಲು ಸಾಲಾಗಿ ಬಂದವು. ಅದಕ್ಕೆ ಮದ್ದು ಬಯೋಮೆಟ್ರಿಕ್ ಲಾಕ್, ಅಂದರೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯದ ಹಾಗೆ ಬೀಗ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲೇ ಹಾಕಬಹುದು. ಇಲ್ಲಿ ನಮ್ಮ ಕಡೆಯ ಒಂದು ತಾಪತ್ರಯ ಹೇಳಲೇಬೇಕು. ಲಾಕ್ ಹಾಕಿದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಹೋಗುವ ಮುಂಚೆ ಅನ್‌ಲಾಕ್ ಮಾಡಬೇಕು. ಹೊಸನಗರದ ಆಚೆ ಸಿಗ್ನಲ್ಲೇ ಸಿಗದ ಊರಿನಲ್ಲಿ ಅಜ್ಜಿ ಅದನ್ನು ಹೇಗೆ ಮಾಡಬೇಕು? ವ್ಯವಸ್ಥೆ ಕಟ್ಟಿದವರು ಗುಡ್ಡದ ಮೇಲೆ ನಿಂತು ಯೋಚಿಸಿಲ್ಲ. ನನ್ನ ಸಲಹೆ: ಪೇಟೆಯವರು, ಜಮೀನು ರಿಜಿಸ್ಟರ್ ಮಾಡಿಸಿದವರು, ಖಾತೆಯಲ್ಲಿ ಜಾಸ್ತಿ ದುಡ್ಡಿರುವವರು ಲಾಕ್ ಹಾಕಿಡಿ. ಅಜ್ಜಿಯ ಕಾರ್ಡಿಗೆ ಮನೆಯಲ್ಲಿ ಒಬ್ಬರು ಜವಾಬ್ದಾರಿ ತಗೊಳ್ಳಿ.

ಹೋಮ್‌ಸ್ಟೇಯವರಿಗೂ ಒಂದು ಮಾತು. ಆಗುಂಬೆ, ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲ ಬಂದರೆ ವಾರಾಂತ್ಯಕ್ಕೆ ರೂಮ್ ಸಿಗುವುದಿಲ್ಲ. ಸಂತೋಷ. ಬಂದವರ ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಇರಬೇಕು, ಸರಿ. ಆದರೆ ಅವರ ಆಧಾರ್ ಫೋಟೋ ನಿಮ್ಮ ಫೋನಿನ ಗ್ಯಾಲರಿಯಲ್ಲಿ, ಮಗುವಿನ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲಿ, ಮೂರು ವರ್ಷ ಯಾಕೆ ಇರಬೇಕು? ಡೇಟಾ ರಕ್ಷಣೆಗೆ ಅಂತ 2023ರಲ್ಲಿ ಕಾನೂನು ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ದೊಡ್ಡ ಭಾಗ ಜಾರಿಗೆ ಬರಲು ಒಂದೂವರೆ ವರ್ಷದ ಸಮಯ ಕೊಟ್ಟಿದ್ದಾರೆ. ಡೇಟಾ ಸರಿಯಾಗಿ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಮ್ಮ ಮೇಲೆ ಅಷ್ಟು ಹಾಕುತ್ತಾರೆ ಅಂತಲ್ಲ. ಆದರೆ ಕೆಲಸ ಮುಗಿದ ಮೇಲೆ ಅಳಿಸಬೇಕು ಅನ್ನುವುದು ಈಗ ಬರೀ ಮರ್ಯಾದೆಯ ಮಾತಲ್ಲ.

ಇನ್ನು ಒಂದೇ ಕಡೆ ಇರುವ ಲೆಕ್ಕದ ವಿಷಯ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ.

ಏಪ್ರಿಲ್, ಮೇ ಬಂತು ಅಂದರೆ ಸಂಜೆ ಗುಡುಗು, ಸಿಡಿಲು. ಸಿಡಿಲು ಕರೆಂಟ್ ವೈರಿನಲ್ಲಿ ಮಾತ್ರ ಬರುತ್ತದೆ ಅಂದುಕೊಂಡು ಯುಪಿಎಸ್ ಸ್ವಿಚ್ ತೆಗೆದು ಮನೆಗೆ ಹೋಗುತ್ತಾರೆ. ಇಂಟರ್ನೆಟ್ ಕೇಬಲ್ ಹಾಗೇ ಬಿಟ್ಟಿರುತ್ತಾರೆ. ತಾಮ್ರದ ಲೈನಿನಲ್ಲಿ ಬಂದು ಮೋಡೆಮ್ ಸುಟ್ಟು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಮದರ್‌ಬೋರ್ಡಿಗೇ ಹೋಗಿರುತ್ತದೆ. ಬೆಳಗ್ಗೆ ಸಿಪಿಯು ಹೊತ್ತುಕೊಂಡು ಬರುತ್ತಾರೆ. ಬೋರ್ಡ್ ಹೋದರೆ ಹೋಗಲಿ, ಹೊಸದು ಹಾಕಬಹುದು. ಹಾರ್ಡ್‌ಡಿಸ್ಕ್ ಬೇರೆ ಕಂಪ್ಯೂಟರಿಗೆ ಹಾಕಿ ನೋಡುವಾಗ ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು ಬಂತು ಅಂದರೆ ನಾನು ಎದುರಿಗಿರುವವರ ಮುಖ ನೋಡುವುದಿಲ್ಲ.

ಅಂಥ ಹೊತ್ತಿನಲ್ಲಿ ನಡೆಯುವ ಮಾತು ಹೆಚ್ಚು ಕಡಿಮೆ ಒಂದೇ.

"ಸಾವ್ಕಾರ್ರೆ, ಬ್ಯಾಕಪ್ ಇದೆಯಾ?"

"ಇದೆಯಪ್ಪ. ನಮ್ಮ ಹುಡುಗ ದಿನಾ ತೆಗಿತಾನೆ."

"ಎಲ್ಲಿಗೆ ತೆಗಿತಾನೆ?"

"ಅದರಲ್ಲೇ. ಡಿ ಡ್ರೈವಿಗೆ."

ಸಿ ಡ್ರೈವ್, ಡಿ ಡ್ರೈವ್ ಎರಡೂ ಇದ್ದದ್ದು ಆ ಟಕ್ ಟಕ್ ಅನ್ನುವ ಡಬ್ಬಿಯಲ್ಲೇ. ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದ್ದು, ಯಾರ ರಾಶಿ ಅಡಿಕೆ, ಯಾರ ಬೆಟ್ಟೆ ಅಡಿಕೆ ಎಷ್ಟು ಚೀಲ ಬಂದಿದ್ದು ಎಲ್ಲ ಅದರಲ್ಲೇ. ಬೆಂಗಳೂರಿನಲ್ಲಿ ಡೇಟಾ ತೆಗೆದುಕೊಡುವವರಿದ್ದಾರೆ, ಆದರೆ ರೇಟು ಕೇಳಿದರೆ ತಲೆ ತಿರುಗುತ್ತದೆ. ಪೂರ್ತಿ ಸಿಗುತ್ತದೆ ಅಂತ ಭರವಸೆಯೂ ಇಲ್ಲ.

ಸಿಡಿಲಿನ ಬದಲು ರಾನ್ಸಮ್‌ವೇರ್ ಬಂದರೂ ಕಥೆ ಇದೇ. ಫೈಲೆಲ್ಲ ಗೂಢಲಿಪಿಯಾಗಿ, ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ ಚೀಟಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಪ್ರಪಂಚದಲ್ಲೆಲ್ಲ ಓಡಾಡಿತಲ್ಲ, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್, ಅಂದರೆ ಇಂಥ ಅಪ್‌ಡೇಟ್ ಬರುವುದು, ನಿಂತಿದೆ. ಆದರೂ ನಮ್ಮ ಪೇಟೆಯಲ್ಲಿ ಅದೇ ಜಾಸ್ತಿ. ವಿಂಡೋಸ್ 7 ಕೂಡ ಇನ್ನೂ ಬರುತ್ತದೆ ರಿಪೇರಿಗೆ!

"ನಮ್ಮಂಥ ಸಣ್ಣವರ ಹತ್ತಿರ ಯಾರು ಬರ್ತಾರೆ ಮಾರಾಯ್ರೆ?" ಅನ್ನುವವರು 2024ರ ಜುಲೈ ಕೊನೆ ನೆನಪು ಮಾಡಿಕೊಳ್ಳಿ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಕೊಡುವ ಒಂದು ಕಂಪನಿಗೆ ರಾನ್ಸಮ್‌ವೇರ್ ಬಡಿದು, ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ ಮೊದಲಾದ ಪಾವತಿಯನ್ನೇ ನಿಲ್ಲಿಸಬೇಕಾಯಿತು. ಆ ಬ್ಯಾಂಕುಗಳಲ್ಲಿ ಯಾವುದೂ ದೊಡ್ಡದಲ್ಲ.

ಮಾಡಬೇಕಾದ್ದು ಕಷ್ಟದ್ದೇನೂ ಅಲ್ಲ. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಕಾಪಿ ಮಾಡುವಾಗ ಮಾತ್ರ ಚುಚ್ಚಿ, ಆಮೇಲೆ ತೆಗೆದಿಡಿ. ಸದಾ ಚುಚ್ಚಿಟ್ಟರೆ ಸಿಡಿಲಿಗೂ ಅದು ಸಿಗುತ್ತದೆ, ರಾನ್ಸಮ್‌ವೇರಿಗೂ ಸಿಗುತ್ತದೆ. ಗೂಗಲ್ ಡ್ರೈವಿಗೂ ಒಂದು ಹೋಗಲಿ. ಮಳೆಗಾಲದಲ್ಲಿ ಡಿಸ್ಕನ್ನು ತೇವ ಹೀರುವ ಸಿಲಿಕಾ ಚೀಟಿ ಹಾಕಿ ಡಬ್ಬಿಯಲ್ಲಿಡಿ, ನಮ್ಮ ಥಂಡಿ ಗೊತ್ತಲ್ಲ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ಬಿಲ್ ಇದೆಯಾ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಡಿ ಹೆಸರು, ಆಮೇಲೆ 123 ಅಂತ ಇಡಬೇಡಿ. ಉದ್ದ ಇರಲಿ, ಒಂದೊಂದು ಕಡೆಗೆ ಬೇರೆ ಬೇರೆ ಇರಲಿ. ತಿಂಗಳಿಗೊಮ್ಮೆ ಬದಲಾಯಿಸಿ ಅನ್ನುವುದು ಹಳೇ ಉಪದೇಶ, ಅಮೆರಿಕದ ಮಾನಕ ಸಂಸ್ಥೆಯೇ ಅದನ್ನು ಕೈಬಿಟ್ಟಿದೆ. ಮನೆಯ ಬೀರುವಿನಲ್ಲಿ ಪುಸ್ತಕದಲ್ಲಿ ಬರೆದಿಟ್ಟರೆ ತಪ್ಪೇನಿಲ್ಲ. ಆದರೆ ಒಂದು ನೋಡಿ: ನಿಮ್ಮ ಜಿಎಸ್‌ಟಿ ಲಾಗಿನ್ನಿಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ? ಆಡಿಟರ್ ಆಫೀಸಿನ ಹುಡುಗನದ್ದಾ? ಅವನು ಕೆಲಸ ಬಿಟ್ಟು ಹೋದರೆ ನಿಮ್ಮ ವ್ಯವಹಾರದ ಒಟಿಪಿ ಅವನ ಜೊತೆಯೇ ಹೋಗುತ್ತದೆ.

ಫೋನಿನ ಮೋಸಗಳಲ್ಲಿ ಡಿಜಿಟಲ್ ಅರೆಸ್ಟ್ ಬಗ್ಗೆ ಕಾಲರ್ ಟ್ಯೂನಿನಲ್ಲೇ ಕೇಳಿ ಸಾಕಾಗಿದೆ. ನಮ್ಮ ಕಡೆ ನಾನು ಹೆದರುವುದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲಿಗೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲಿಗೆ. ಮದುವೆ ಕಾಗದ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಅಂತ ಹೆಸರು ಹೊತ್ತು ಬರುತ್ತದೆ. ಅದೂ ಗೊತ್ತಿರುವವರ ನಂಬರಿನಿಂದಲೇ, ಯಾಕಂದರೆ ಅವರ ಫೋನಿಗೆ ಅದು ಮೊದಲೇ ಹೊಕ್ಕಿರುತ್ತದೆ. ಮದುವೆ ಕಾಗದ ಫೋಟೋ ಆಗಿರುತ್ತದೆ, ವಿಡಿಯೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ. ಇನ್‌ಸ್ಟಾಲ್ ಮಾಡು ಅನ್ನುವ ಮದುವೆ ಕಾಗದ ಇಲ್ಲ. ಹಾಕಿಕೊಂಡರೆ ಅದು ನಿಮ್ಮ ಎಸ್ಸೆಮ್ಮೆಸ್ ಓದುತ್ತದೆ. ಒಟಿಪಿ ನೀವು ಯಾರಿಗೂ ಹೇಳದಿದ್ದರೂ ಕಳ್ಳನಿಗೆ ಸಿಗುತ್ತದೆ.

ದುಡ್ಡು ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆ ದುಡ್ಡು ಮುಂದಿನ ಖಾತೆಯಿಂದ ಜಾರುವ ಮೊದಲು ತಡೆ ಹಿಡಿಯಲು ಆಗುವುದು ಆಗಲೇ. ನಮ್ಮವರು ಮಾಡುವುದೇನು? ಮನೆಯಲ್ಲಿ ಮಗ ಬೈತಾನೆ ಅಂತ ಎರಡು ದಿನ ಸುಮ್ನೆ ಇರುತ್ತಾರೆ. ಆಮೇಲೆ ಫೋನ್ ಸರಿ ಮಾಡಿಕೊಡು ಅಂತ ನನ್ನ ಹತ್ತಿರ ಬರುತ್ತಾರೆ, ದುಡ್ಡಿನ ವಿಷಯ ಮೆಲ್ಲಗೆ ಕೊನೆಗೆ ಬರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂತಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಬರುವುದಿಲ್ಲ. ಒಟಿಪಿ ನೀವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಅದಕ್ಕೇ 1930 ಆದಮೇಲೆ ಅದೇ ದಿನ ಬ್ಯಾಂಕಿಗೆ ಹೋಗಿ. ವ್ಯವಹಾರದ ನಂಬರ್, ಸಮಯ, ಮೊತ್ತ ಹಾಕಿ ಬರೆದುಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ. "ನೋಡ್ತೀವಿ, ಹೋಗಿ" ಅಂತ ಬಾಯಲ್ಲಿ ಹೇಳಿದರೆ ಏಳಬೇಡಿ.