ಮುದ್ದೆ ನುಂಗುವ ಸ್ಪೀಕರು

ನಮ್ಮ ಮನೆಯ ಆಂಪ್ಲಿಫೈಯರ್ ಅಪ್ಪನ ಕಾಲದ್ದು. ಹಾಸನದ ರೇಡಿಯೊ ರಿಪೇರಿಯವರೊಬ್ಬರಿಗೆ ಹೇಳಿ ಮಾಡಿಸಿದ್ದು. ಎಡ, ಬಲ ಒಂದೊಂದು ಚಾನೆಲ್ಲಿಗೆ 15 ವ್ಯಾಟ್. ಬೆನ್ನ ಮೇಲೆ ಬಿಳಿ ಪೇಂಟಿನಲ್ಲಿ ‘8 ಓಮ್’ ಅಂತ ಕೈಯಲ್ಲೇ ಬರೆದಿದ್ದಾರೆ. ಅದು ಕೆಡಲಿಲ್ಲ, ಕೆಡುವ ಲಕ್ಷಣವೂ ಇಲ್ಲ. ಆದರೆ ಜೊತೆಗಿದ್ದ ಸ್ಪೀಕರುಗಳ ಕೋನನ್ನು ಹೋದ ವರ್ಷ ಇಲಿ ತಿಂದುಹಾಕಿತು. ಇಲಿಗೂ ಸಂಗೀತಜ್ಞಾನ ಇರಬೇಕು. ಕೀರಲು ದನಿಯ ಟ್ವೀಟರ್ ಮುಟ್ಟದೆ ದಪ್ಪ ದನಿಯ ವೂಫರನ್ನಷ್ಟೇ ತಿಂದಿತ್ತು.

‘ಈ ಹಳೇದನ್ನ ಗುಜರಿಗೆ ಹಾಕಿ ಒಂದು ಬ್ಲೂಟೂತ್ ಡಬ್ಬಿ ತನ್ನಿ, ರೀ’ ಅಂದಳು ಹೆಂಡತಿ. ಡಬ್ಬಿ ಅನ್ನೋ ಮಾತಿಗೇ ನನಗೆ ಹಟ ಬಂತು. ತಂದರೆ ನೆಲದ ಮೇಲೆ ನಿಲ್ಲುವ, ಸೊಂಟದೆತ್ತರದ ಸ್ಪೀಕರೇ ಸರಿ ಅಂದುಕೊಂಡೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಜೊತೆ ಸಿಕ್ಕಿತು. ತೆಳ್ಳಗೆ, ಕಪ್ಪಗೆ, ಫಳಫಳ. ಹಿಂದೆ ‘200 ವ್ಯಾಟ್’ ಅಂತ ಬರೆದಿತ್ತು. ನಮ್ಮದು 15, ಅದು 200, ಒಟ್ಟು 215 ಅಂತ ಮನಸ್ಸಿನಲ್ಲೇ ಕೂಡಿಸಿಕೊಂಡು ದುಡ್ಡು ಎಣಿಸಿದೆ. ಪಕ್ಕದಲ್ಲೇ ‘4 ಓಮ್’ ಅಂತಲೂ ಇತ್ತು. ನಮ್ಮದು 8, ಅದು 4, ಅರ್ಧ ಅಲ್ವಾ, ಸಣ್ಣ ವಿಷಯ ಅಂತ ಬಿಟ್ಟೆ.

ಗೀರು ಬೀಳಬಾರದು ಅಂತ ಎರಡಕ್ಕೂ ಬಿಳೀ ಪಂಚೆ ಸುತ್ತಿ ಆಟೊದ ಸೀಟಿನ ಮೇಲೆ ಅಡ್ಡ ಮಲಗಿಸಿದೆ. ಡ್ರೈವರ್ ಒಮ್ಮೆ ತಿರುಗಿ ನೋಡಿ, ‘ಸಾರ್, ಇದು... ಏನು?’ ಅಂದ. ಸ್ಪೀಕರ್ ಕಣಪ್ಪ ಅಂದೆ. ಪಂಚೆ ಸರಿಸಿ ತೋರಿಸುವ ತನಕ ಗಾಡಿ ಸ್ಟಾರ್ಟ್ ಮಾಡಲಿಲ್ಲ.

ಮನೆಗೆ ತಂದು, ವೈರ್ ಜೋಡಿಸಿ, ಭೀಮಸೇನ ಜೋಶಿಯವರನ್ನು ಹಾಕಿದೆ. ಗದಗಿನ ಕಡೆಯ ಆ ಕಂಠಕ್ಕಿಂತ ದೊಡ್ಡ ಪರೀಕ್ಷೆ ಬೇಕೇ? ವಾಲ್ಯೂಮ್ ನಾಬ್ ಒಂಬತ್ತು ಗಂಟೆಯ ಜಾಗಕ್ಕೆ ತಿರುಗಿಸಿದೆ. ಏನೂ ಇಲ್ಲ. ಹನ್ನೆರಡಕ್ಕೆ ತಂದೆ. ಗುಸುಗುಸು. ಮೂರಕ್ಕೆ ತಂದಾಗ ಒಳಗಿನಿಂದ ಅಮ್ಮ ಕೂಗಿದರು: ‘ಯಾರೋ ಅದು, ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಹಾಡ್ತಿರೋದು?’

ಅರ್ಧ ಗಂಟೆಯಲ್ಲಿ ಆಂಪ್ಲಿಫೈಯರ್ ತಲೆ ಮುಟ್ಟಿದರೆ ಕೈ ಸುಡುತ್ತಿತ್ತು. ಹಪ್ಪಳ ಇಟ್ಟಿದ್ದರೆ ಸುಟ್ಟುಕೊಂಡು ಬರುತ್ತಿತ್ತೇನೋ. ಇನ್ನೊಂದು ತಾನಿಗೆ ಫ್ಯೂಸ್ ಠಪ್ ಅಂತು.

ಶನಿವಾರ ಅದನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಎಸ್.ಪಿ. ರೋಡಿಗೆ ಹೋದೆ. ಗಲ್ಲಿಯೊಳಗಿನ ಒಂದು ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಸಾಲ್ಡರಿಂಗ್ ಐರನ್ ಹಿಡಿದು ಕೂತಿದ್ದರು. ಕತೆಯೆಲ್ಲ ಕೇಳಿ ಕನ್ನಡಕ ಮೇಲಕ್ಕೇರಿಸಿದರು.

‘ಸಾರ್, ನಿಮ್ಮೂರ ಕಡೆ ಮುದ್ದೆ ಊಟ ತಾನೇ?’

ಹೌದು ಅಂದೆ.

‘ಸ್ಪೀಕರ್ ಮೇಲೆ 200 ವ್ಯಾಟ್ ಅಂತ ಇದ್ದರೆ ಅದು ಎಷ್ಟು ಮುದ್ದೆ ನುಂಗಿ ಅರಗಿಸಿಕೊಳ್ಳುತ್ತೆ ಅಂತ. ಎಷ್ಟು ಗದ್ದೆ ಉಳುತ್ತೆ ಅಂತಲ್ಲ. ಅದನ್ನ ನೋಡೋಕೆ ಬೇರೆ ನಂಬರ್ ಇದೆ. ಡಿಬಿ ನೋಡಬೇಕು, ಡಿಬಿ.’

ಆಮೇಲೆ ಒಂದು ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದರು. ಸ್ಪೀಕರಿಗೆ 1 ವ್ಯಾಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ (ಅದೇ ಡಿಬಿ, ದನಿಯ ಜೋರಿನ ಅಳತೆ) ಕೇಳುತ್ತೆ ಅಂತ ಅಳೆಯುತ್ತಾರೆ. ಅದೇ ಅದರ ಕಸುಬು. 3 ಡೆಸಿಬೆಲ್ ಜಾಸ್ತಿ ಬೇಕಾದರೆ ವ್ಯಾಟ್ ಎರಡರಷ್ಟು ಸುರಿಯಬೇಕು. 10 ಬೇಕಾದರೆ ಹತ್ತರಷ್ಟು. ನನ್ನ ಸ್ಪೀಕರಿನ ಕಾಗದದಲ್ಲಿ 87 ಅಂತ ಇತ್ತು. ಅದನ್ನೂ ಅವರು ಬಿಡಲಿಲ್ಲ. ಇದನ್ನು ಅಳೆದಿರೋದು 2.83 ವೋಲ್ಟಿನಲ್ಲಿ. 8 ಓಮ್ ಆಗಿದ್ದರೆ ಅದು 1 ವ್ಯಾಟ್. ಇದು 4 ಓಮ್, ಹಾಗಾಗಿ 2 ವ್ಯಾಟ್ ಕುಡಿದು 87 ಕೊಟ್ಟಿದೆ. ನಿಜವಾದ ಲೆಕ್ಕ 84. ಮೇಲಾಗಿ ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, 8 ಇರಬೇಕಾದ್ದು 4 ಆದರೆ ಕರೆಂಟೂ ದುಪ್ಪಟ್ಟು ಎಳೆಯುತ್ತೆ, ಪಾಪ ನಿಮ್ಮ ಅಪ್ಪನ ಆಂಪ್ಲಿಫೈಯರ್ ಏದುಸಿರು ಬಿಟ್ಟಿದ್ದು ಅದಕ್ಕೇ ಅಂದರು.

‘97 ಡಿಬಿ, 8 ಓಮ್ ಇರೋದು ಹುಡುಕಿ. 84ಕ್ಕೂ 97ಕ್ಕೂ 13 ವ್ಯತ್ಯಾಸ. 10ಕ್ಕೆ ಹತ್ತು ಪಟ್ಟು, ಮೇಲಿನ 3ಕ್ಕೆ ಅದರ ಎರಡರಷ್ಟು, ಅಂದರೆ 20 ಪಟ್ಟು. ನಿಮ್ಮ 15 ವ್ಯಾಟು ಅಲ್ಲಿ 300 ವ್ಯಾಟಿನ ಕೆಲಸ ಮಾಡುತ್ತೆ.’ ಫ್ಯೂಸಿಗೆ ಮಾತ್ರ ದುಡ್ಡು ತಗೊಂಡರು. ಶಾಲೆಯಲ್ಲಿ ಈ ಲೆಕ್ಕದ ಮೂಲವಾದ ಲಾಗರಿತಮ್ ಪಾಠದ ದಿನ ನಾನು ನಿದ್ದೆ ಮಾಡಿದ್ದಕ್ಕೆ ದಂಡ ಹಾಕಲಿಲ್ಲ.

97 ಸಿಕ್ಕಿತು. ಆದರೆ ಅದು ಸ್ಪೀಕರಲ್ಲ, ಬೀರು. ಕೆಳಗೆ 15 ಇಂಚಿನ ವೂಫರ್, ಮೇಲೆ ತುತ್ತೂರಿಯಂಥ ಹಾರ್ನ್. ಹೆಂಡತಿ ಅಳತೆ ಟೇಪ್ ತಂದು ಅಳೆದು, ‘ತೆಳ್ಳಗಿರೋದು ಸಿಗಲಿಲ್ವಾ?’ ಅಂದಳು. ಸಿಗಲ್ಲ. ಅಮೆರಿಕದ ಕೆಎಲ್‌ಎಚ್ ಅನ್ನೋ ಸ್ಪೀಕರ್ ಕಂಪನಿಯ ಹೆಸರಿನಲ್ಲಿ ‘ಎಚ್’ ಆಗಿರುವ ಹಾಫ್‌ಮನ್ ಅನ್ನೋರು ಬಹಳ ಹಿಂದೆಯೇ ಹೇಳಿಬಿಟ್ಟಿದ್ದಾರೆ. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವ್ಯಾಟಿಗೆ ಜೋರು ದನಿ, ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ ಅಂತ. ಪಾಲ್ ಕ್ಲಿಪ್ಷ್ ಅನ್ನೋ ಎಂಜಿನಿಯರು 1946ರಲ್ಲಿ ಕಂಪನಿ ಶುರು ಮಾಡಿದಾಗ ಚಿಕ್ಕದನ್ನು ಬಿಟ್ಟು ಉಳಿದೆರಡನ್ನು ಇಟ್ಟುಕೊಂಡರು. ಅವರ ಹಾರ್ನ್ ಸ್ಪೀಕರನ್ನು ಕೋಣೆಯ ಮೂಲೆಗೇ ಆನಿಸಿ ಇಡಬೇಕಿತ್ತು, ಗೋಡೆಗಳೂ ಹಾರ್ನಿನ ಭಾಗವೇ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ‘ಅವರ ಮನೇಲಿ ಮೂಲೆ ಇತ್ತು. ನಮ್ಮನೇಲಿ ಆ ಮೂಲೇಲಿ ಅಕ್ಕಿ ಮೂಟೆ ಇದೆ’ ಅಂದಳು. ಈಗ ಅಕ್ಕಿ ಮೂಟೆ ಮಂಚದ ಕೆಳಗಿದೆ.

ಹೊಸ ಸ್ಪೀಕರಿಗೆ ವೈರ್ ಜೋಡಿಸಿ ಸ್ವಿಚ್ ಹಾಕಿದೆ. ಆವತ್ತು ಮೂರು ಗಂಟೆಯ ಜಾಗದಲ್ಲಿ ಬಿಟ್ಟಿದ್ದ ನಾಬು ಹಾಗೇ ಇತ್ತು. ಅದನ್ನು ಮರೆತಿದ್ದೆ. ಜೋಶಿಯವರು ಆ ಎನ್ನುತ್ತಲೇ ಬಂದರು. ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳು ತಾಳ ಹಾಕಿದವು. ಒಂದು ಲೋಟ ಉರುಳಿ ನಡುಮನೆಯ ತನಕ ಬಂತು. ಕೆಳಗಿನ ಮನೆಯವರು ಮೇಲೆ ಬಂದು ಏನಾಯ್ತು ಅಂತ ಕೇಳಿದರು. ಏನಿಲ್ಲ, ಸುಮ್ನೆ ಟೆಸ್ಟಿಂಗ್ ಅಂದೆ.

ನಾಬನ್ನು ಏಳೂವರೆ ಗಂಟೆಗೆ ಇಳಿಸಿದರೂ ಕೋಣೆ ತುಂಬಿತು. ತಂಬೂರಿಯ ಒಂದೊಂದು ತಂತಿ ಬೇರೆ ಬೇರೆಯಾಗಿ ಕೇಳುತ್ತಿತ್ತು. ಕಣ್ಣು ಮುಚ್ಚಿ ಕೂತೆ. ಹಾಡು ಮುಗಿಯಿತು, ಒಂದು ತಂತಿ ಮಾತ್ರ ನಿಲ್ಲಲಿಲ್ಲ. ಗುಂಯ್.

‘ಬಾಲ್ಕನೀಲಿ ಜೇನು ಕಟ್ಟಿದೆ ನೋಡೋ’ ಅಂದರು ಅಮ್ಮ.

ಜೇನಲ್ಲ. ಇಂಥ ಸ್ಪೀಕರುಗಳು ಆಂಪ್ಲಿಫೈಯರ್ ಕೊಟ್ಟ ಸಂಗೀತವನ್ನಷ್ಟೇ ಅಲ್ಲ, ಅದರ ಗೊರಕೆಯನ್ನೂ ಅಷ್ಟೇ ಜೋರಾಗಿ ಕೇಳಿಸುತ್ತವೆ. ಎರಡು ದಿನ ಒಂದೊಂದೇ ವೈರ್ ಕಿತ್ತು ನೋಡಿದೆ. ಕೊನೆಗೆ ಸೆಟ್ ಟಾಪ್ ಬಾಕ್ಸಿನ ಕೇಬಲ್ ಎಳೆದಾಗ ಗಪ್‌ಚಿಪ್. ಟಿವಿಯ ಸೌಂಡನ್ನೂ ಈ ಆಂಪ್ಲಿಫೈಯರಿಗೇ ಕೊಟ್ಟಿದ್ದೆ. ಕೇಬಲಿನವರ ಅರ್ಥಿಂಗಿಗೂ ನಮ್ಮ ಮನೆಯ ಅರ್ಥಿಂಗಿಗೂ ಆಗಿಬರುತ್ತಿರಲಿಲ್ಲ. ನಡುವೆ ಎರಡನ್ನೂ ಬೇರ್ಪಡಿಸುವ ಒಂದು ಐಸೊಲೇಟರ್ ಹಾಕಿದರೆ ಸರಿಹೋಗುತ್ತೆ ಅಂತ ಎಸ್.ಪಿ. ರೋಡಿನವರು ಫೋನಿನಲ್ಲಿ ಹೇಳಿದ್ದಾರೆ. ಈ ಶನಿವಾರ ಹೋಗಬೇಕು. ಹೋದ ಶನಿವಾರವೂ ಹೋಗಬೇಕಿತ್ತು.

ಅಲ್ಲಿಯವರೆಗೆ ಹಗಲು ನನ್ನದು, ಕೇಬಲ್ ಕಿತ್ತಿರುತ್ತೇನೆ. ಸಂಜೆ ಏಳಾದರೆ ಅಮ್ಮ ಬರುತ್ತಾರೆ. ಬೀರಿನಂಥ ಸ್ಪೀಕರಿನ ಮೇಲೆ ಒಂದು ಕೈ ಊರಿ, ನಿಧಾನಕ್ಕೆ ಬಗ್ಗಿ ವೈರ್ ಚುಚ್ಚುತ್ತಾರೆ. ಗುಂಯ್ ಅನ್ನುತ್ತದೆ.

‘ಹಾಂ, ಬಂತು ಬಂತು’ ಅಂತ ಧಾರಾವಾಹಿ ನೋಡಲು ಕೂರುತ್ತಾರೆ.