ಅರ್ಧ ಆಗಿದ್ದಾಗಲೇ ತೋರಿಸೋಣ

ಕಳೆದ ತಿಂಗಳು ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ, ಗೆಳತಿಯ ಮನೆಯ ಅಡಿಕೆ ಶೆಡ್ಡಿನಲ್ಲಿ, ಒಂದು ನೃತ್ಯ ತೋರಿಸಿದೆವು. ಕಟ್ಟಿದ್ದು ನಾನು, ಮಾಡಿದ್ದು 5 ಹುಡುಗಿಯರು. 14 ನಿಮಿಷ. ಅದಕ್ಕೆ ಇನ್ನೂ ಕೊನೆ ಇಲ್ಲ. ಹೆಸರೂ ಇಟ್ಟಿಲ್ಲ. ನಡುವೆ ಒಂದು ಕಡೆ ಏನು ಬರಬೇಕು ಅಂತ ನನಗೇ ಹೊಳೆದಿಲ್ಲ. ಅಲ್ಲಿ ಅವರು ಸುಮ್ನೆ ನಡೆದು ಜಾಗ ಬದಲಾಯಿಸುತ್ತಾರೆ, ಅಷ್ಟೇ. ಬಣ್ಣ ಇಲ್ಲ, ಗೆಜ್ಜೆ ಇಲ್ಲ, ಲೈಟ್ ಇಲ್ಲ. ದಿನಾ ಹಾಕುವ ಚೂಡಿದಾರ. ನೋಡೋಕೆ ಸುಮಾರು 30 ಜನ ಬಂದಿದ್ದರು. ಚಾಪೆ ಹಾಸಿಕೊಂಡು ಮೂರು ಕಡೆ ಕೂತಿದ್ದರು.

ವಿಷಯ ಕೇಳಿ ಕೆಲವರು ಬೇಸರ ಮಾಡಿಕೊಂಡರು. "ಮುಗೀದೇ ಇರೋದನ್ನ ಜನರ ಮುಂದೆ ಇಡಬಾರದು, ಅದು ಕಲೆಗೆ ಮಾಡೋ ಅವಮಾನ" ಅಂತ ಹಿರಿಯರೊಬ್ಬರು ಫೋನ್ ಮಾಡಿ ಹೇಳಿದರು. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಈ ಮಾತನ್ನು ಒಪ್ಪೋಕೆ ಆಗಲಿಲ್ಲ. ಯಾಕೆ ಅಂತ ಫೋನಿನಲ್ಲಿ ಬಿಡಿಸಿ ಹೇಳೋಕೂ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವರು ಹಾಗೆ ಹೇಳುವುದಕ್ಕೆ ಕಾರಣ ಇದೆ. ನಾವೆಲ್ಲ ರಂಗಪ್ರವೇಶ ನೋಡಿಕೊಂಡು ಬೆಳೆದವರು. ವರ್ಷಗಟ್ಟಲೆ ಕಲಿ, ಗುರುಗಳು ಸೈ ಅಂದ ಮೇಲೆ ವೇದಿಕೆ ಹತ್ತು. ಕಲಿತದ್ದನ್ನು ಒಪ್ಪಿಸುವುದಕ್ಕೆ ಅದೇ ಸರಿಯಾದ ದಾರಿ. ಅಲರಿಪು, ವರ್ಣ, ತಿಲ್ಲಾನದಂಥ ಭರತನಾಟ್ಯದ ನೃತ್ಯಗಳು ನಾವು ಹುಟ್ಟುವ ಮುಂಚೆಯೇ ಇದ್ದವು. ನಾವು ಅವುಗಳ ಮಟ್ಟಕ್ಕೆ ಏರಬೇಕು. ಆದರೆ ಹೊಸದಾಗಿ ಕಟ್ಟುವ ನೃತ್ಯದ ಕತೆ ಬೇರೆ. ಅದು ಇನ್ನೂ ಎಲ್ಲೂ ಇಲ್ಲ. ಸರಿ ಬಂತೋ ಇಲ್ಲವೋ ಅಂತ ಅಳೆಯೋಕೆ ಗುರುಗಳ ಹತ್ತಿರವೂ ಕೋಲಿಲ್ಲ. ನನ್ನ ತಲೆಯಲ್ಲಿ ಇರುವುದು ಆ ಹುಡುಗಿಯರ ಮೈಯಲ್ಲಿ ಬಂತಾ, ಅಲ್ಲಿಂದ ಎದುರು ಕೂತವರಿಗೆ ದಾಟಿತಾ ಅಂತ ತಿಳಿಯಬೇಕಾದರೆ ಎದುರು ಯಾರಾದರೂ ಕೂತಿರಬೇಕು. ಬೇರೆ ಉಪಾಯ ನನಗೆ ಗೊತ್ತಿಲ್ಲ.

ಈಗ ನಮ್ಮಲ್ಲಿ ಏನಾಗುತ್ತಿದೆ? ಆರು ತಿಂಗಳು ಬಾಗಿಲು ಹಾಕಿಕೊಂಡು ತಾಲೀಮು ಮಾಡುತ್ತೇವೆ. ಆಮೇಲೆ ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಕಡೆ ಒಂದು ಸಂಜೆ ಕಾರ್ಯಕ್ರಮ. ಲೈಟು, ಸೌಂಡು, ವೇಷ, ಅತಿಥಿಗಳಿಗೆ ಶಾಲು ಹಾರ. ಬಂದವರು ಪ್ರೀತಿಯಿಂದ ಚಪ್ಪಾಳೆ ತಟ್ಟುತ್ತಾರೆ, ಚೆನ್ನಾಗಿತ್ತು ಅನ್ನುತ್ತಾರೆ. ಆರನೇ ನಿಮಿಷದಲ್ಲಿ ಮನಸ್ಸು ಎಲ್ಲೋ ಹೋಯಿತು ಅಂತ ಯಾರೂ ಹೇಳುವುದಿಲ್ಲ. ಹೇಳಿದರೂ ಏನು ಮಾಡೋದು? ಎಲ್ಲಾ ಮುಗಿದಿರುತ್ತದೆ. ಇನ್ನು ಬದಲಾಯಿಸೋಕೆ ದುಡ್ಡೂ ಇಲ್ಲ, ಧೈರ್ಯವೂ ಇಲ್ಲ. ಬೇಕಾದ ಮಾತು ಬೇಕಾದಾಗ ಸಿಗುವುದಿಲ್ಲ.

ನಮ್ಮ ನೃತ್ಯ ಲಾಂಚ್, ಅಂದರೆ ಹಿನ್ನೀರು ದಾಟಿಸುವ ದೋಣಿ, ಕಾಯುವುದರ ಬಗ್ಗೆ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹಬ್ಬಿದ ಮೇಲೆ ತುಮರಿ ಸುತ್ತಮುತ್ತಲ ಜನಕ್ಕೆ ಸಾಗರ ಎದುರಿಗಿದ್ದೂ ದೂರ ಆಯಿತು. ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ದಾರಿ. ಸಂತೆಗೆ, ಕಾಲೇಜಿಗೆ, ಆಸ್ಪತ್ರೆಗೆ, ಮದುವೆಗೆ, ಎಲ್ಲದಕ್ಕೂ ಕಾಯಬೇಕು. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಆ ಜನಕ್ಕೆ ಅದು ಎಷ್ಟು ದೊಡ್ಡ ವಿಷಯ ಅಂತ ಹೇಳೋಕೆ ನನ್ನ ಹತ್ತಿರ ಮಾತಿಲ್ಲ. ಆದರೆ ಆ ಕಾಯುವಿಕೆ ಒಂದೆರಡು ತಲೆಮಾರಿನ ಮೈಗೆ ಹತ್ತಿದೆ. ದಡದಲ್ಲಿ ನಿಲ್ಲುವ ರೀತಿ, ಗಂಟು ಇಳಿಸುವ ರೀತಿ. ಅದು ಮರೆತು ಹೋಗುವ ಮುಂಚೆ ನೃತ್ಯದಲ್ಲಿ ಹಿಡಿಯಬೇಕು ಅಂತ ನನ್ನ ಆಸೆ.

ಬಂದವರಿಗೆ ಇದು ಯಾವುದನ್ನೂ ಮೊದಲೇ ಹೇಳಲಿಲ್ಲ. "ಒಂದು ನೃತ್ಯ ಕಟ್ಟುತ್ತಾ ಇದ್ದೇವೆ, ಇನ್ನೂ ಆಗಿಲ್ಲ, ನೋಡಿ" ಅಂದೆ ಅಷ್ಟೇ.

ಶುರುವಾಗಿ ಎರಡು ನಿಮಿಷಕ್ಕೆ ಮಳೆ ಹಿಡಿಯಿತು. ತಗಡಿನ ಮಾಡು. ಸ್ಪೀಕರಿನಿಂದ ಬರುತ್ತಿದ್ದ ಸಂಗೀತ ಪೂರ್ತಿ ಮುಚ್ಚಿಹೋಯಿತು. ನಿಲ್ಲಿಸೋಣ ಅಂತ ಎದ್ದೆ. ಆದರೆ ಹುಡುಗಿಯರು ನಿಲ್ಲಿಸಲಿಲ್ಲ. ಎಣಿಕೆಗೆ ಹಾಡಿಲ್ಲವಲ್ಲ, ಒಬ್ಬರ ಹೆಜ್ಜೆ ಸಪ್ಪಳ ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ, ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಾ ಮುಂದುವರಿದರು. ನಾನು ಹುಡುಗಿಯರನ್ನು ಬಿಟ್ಟು ನೋಡುವವರ ಮುಖ ನೋಡುತ್ತಾ ಕೂತೆ. ಇದು ತಾಲೀಮಿನ ಕೋಣೆಯಲ್ಲಿ ಸಿಗದ ಪಾಠ. ಮೈಯೇ ಮಾತಾಡುತ್ತದೆ. ಒಂದು ಕಡೆ ಎಲ್ಲರೂ ಒಟ್ಟಿಗೆ ಕಾಲು ಬದಲಾಯಿಸಿ ಕೂತರು. ಅಂದರೆ ಅಲ್ಲಿ ಹಿಡಿತ ತಪ್ಪಿತು. ಆ ಜಾಗ ನನಗೆ ಬಹಳ ಇಷ್ಟವಾದದ್ದು. ಅಲ್ಲಿ ಕಷ್ಟದ ಅಡವು, ಅಂದರೆ ಹೆಜ್ಜೆಗಳು, ಜಾಸ್ತಿ ಇದೆ. ಇನ್ನೊಂದು ಕಡೆ, ಒಬ್ಬಳು ಸುಮ್ನೆ ನೆಲದ ಮೇಲೆ ಕೂತು ಸೆರಗು ಹಿಂಡುವಂತೆ ಮಾಡುವ ಜಾಗ, ಕೆಮ್ಮು ಕೂಡ ಇಲ್ಲ. ಅದನ್ನು ನಾನು ಜಾಗ ತುಂಬಿಸೋಕೆ ಅಂತ ಹಾಕಿದ್ದೆ.

ಮತ್ತೆ ಸಮಯ. ತಾಲೀಮಿನಲ್ಲಿ 14 ನಿಮಿಷ ಇದ್ದದ್ದು ಅವತ್ತು 12 ನಿಮಿಷಕ್ಕೆ ಮುಗಿಯಿತು. ಯಾವ ಹೆಜ್ಜೆಯನ್ನೂ ಬಿಟ್ಟಿರಲಿಲ್ಲ. ಜನರ ಕಣ್ಣು ಬಿದ್ದ ಕೂಡಲೇ ನಿಂತಿರುವುದು ಕಷ್ಟ ಆಗುತ್ತದೆ, ಅದಕ್ಕೇ ಎಲ್ಲಾ ನಿಲುಗಡೆಗಳೂ ಕರಗಿದವು. ಕಾಯುವುದರ ಬಗ್ಗೆ ಇರುವ ನೃತ್ಯದಲ್ಲೇ ಯಾರಿಗೂ ಕಾಯೋಕೆ ಆಗಲಿಲ್ಲ. ಈಗ ತಾಲೀಮಿನಲ್ಲಿ ನಾವು ಜಾಸ್ತಿ ಕೆಲಸ ಮಾಡುತ್ತಿರುವುದು ಇದೊಂದರ ಮೇಲೆಯೇ.

ಆಮೇಲೆ ಮಾತು. ಇದರ ಬಗ್ಗೆ ನನಗೆ ಭಯ ಇತ್ತು. ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಹೀಗೇ ಅರ್ಧ ಆದ ಕೆಲಸ ತೋರಿಸಿದ್ದೆ. ಮುಗಿದ ಮೇಲೆ "ಅಭಿಪ್ರಾಯ ಹೇಳಿ" ಅಂದರು. ಒಬ್ಬರು ಎದ್ದು ನಿಂತು, ತಾವಾಗಿದ್ದರೆ ಹೇಗೆ ಮಾಡುತ್ತಿದ್ದರು ಅಂತ ಅರ್ಧ ಗಂಟೆ ಹೇಳಿದರು. ಎಲ್ಲರೂ ತಲೆದೂಗಿದರು. ನಾನು ಬರೆದುಕೊಂಡೆ, ಮನೆಗೆ ಬಂದೆ, ಆ ಕೆಲಸವನ್ನು ಮತ್ತೆ ಮುಟ್ಟಲಿಲ್ಲ. ಅದು ಈಗಲೂ ನೋವು ಕೊಡುತ್ತದೆ. ಅದರಲ್ಲಿ ಒಂದು ಒಳ್ಳೆಯ ನೃತ್ಯದ ಬೀಜ ಇತ್ತು. ಮುಗಿಯದ್ದನ್ನು ತೋರಿಸಬಾರದು ಅನ್ನುವವರ ಭಯ ಸುಳ್ಳಲ್ಲ. ಮೊಳಕೆಯ ಮೇಲೆ ಕಾಲಿಟ್ಟರೆ ಅದು ಏಳುವುದಿಲ್ಲ. ಆದರೆ ತಪ್ಪಾದದ್ದು ತೋರಿಸಿದ್ದರಲ್ಲಿ ಅಲ್ಲ, ಕೇಳಿದ ರೀತಿಯಲ್ಲಿ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ಇದಕ್ಕೆಂದೇ ಒಂದು ಕ್ರಮ ಮಾಡಿದರು. ಈಗ ಅದನ್ನು ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ನಾನು ಅದನ್ನೇ ನಮ್ಮ ಶೆಡ್ಡಿಗೆ ಹೊಂದಿಸಿಕೊಂಡೆ. ಮೊದಲು ನೋಡಿದವರು ತಮಗೆ ಏನು ಕಂಡಿತು, ಏನು ಮನಸ್ಸಿನಲ್ಲಿ ಉಳಿಯಿತು ಅಂತ ಮಾತ್ರ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತೇ ಬೇಡ. ಆಮೇಲೆ ನಾನು ನನಗೆ ಅನುಮಾನ ಇರುವ ಕಡೆ ಪ್ರಶ್ನೆ ಕೇಳುತ್ತೇನೆ. ಅದಾದ ಮೇಲೆ ಅವರು ನನ್ನನ್ನು ಕೇಳಬಹುದು, ಆದರೆ ಪ್ರಶ್ನೆಯ ಒಳಗೆ ತೀರ್ಪು ಅಡಗಿರಬಾರದು. "ಯಾಕಿಷ್ಟು ಎಳೆದಿದ್ದೀರಿ?" ಅನ್ನುವುದು ಪ್ರಶ್ನೆಯ ರೂಪದಲ್ಲಿರುವ ದೂರು. "ಅಷ್ಟು ಹೊತ್ತು ನಿಲ್ಲಿಸಿದ್ದು ಯಾಕೆ?" ಅಂತ ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದರೆ ನಾನೂ ಯೋಚನೆ ಮಾಡುತ್ತೇನೆ, ಕೆಲವೊಮ್ಮೆ ಉತ್ತರ ಹೇಳುತ್ತಾ ಹೇಳುತ್ತಾ ನನಗೇ ದಾರಿ ಕಾಣುತ್ತದೆ. ಕೊನೆಗೆ ಅಭಿಪ್ರಾಯ. ಅದನ್ನೂ "ಇಂಥ ವಿಷಯಕ್ಕೆ ನನ್ನದೊಂದು ಅಭಿಪ್ರಾಯ ಇದೆ, ಹೇಳಲಾ?" ಅಂತ ಕೇಳಿ ಹೇಳಬೇಕು. ಬೇಡ ಅನ್ನುವ ಹಕ್ಕು ಕಟ್ಟಿದವರಿಗೆ ಇದೆ.

ಮೊದಲು ಎಲ್ಲರೂ ಸುಮ್ಮನಿದ್ದರು. ನಮ್ಮೂರಿನವರಿಗೆ ಇನ್ನೊಬ್ಬರ ಕೆಲಸದ ಬಗ್ಗೆ ಎದುರಿಗೇ ಮಾತಾಡೋಕೆ ಸಂಕೋಚ. ಕೊನೆಗೆ ಒಬ್ಬ ಹೆಂಗಸು, "ನಂಗೆ ಮಣಿಪಾಲದ ಆಸ್ಪತ್ರೆ ನೆನಪಾಯ್ತು. ಐಸಿಯು ಹೊರಗೆ ಕೂತಿದ್ದು" ಅಂದರು. ಆ ಹೆಂಗಸಿನ ಗಂಡನಿಗೆ ಹುಷಾರಿಲ್ಲದಾಗ ಎಷ್ಟೋ ದಿನ ಅಲ್ಲಿದ್ದರಂತೆ. ಅವರಿಗೆ ನೀರೂ ಕಂಡಿಲ್ಲ, ದಡವೂ ಕಂಡಿಲ್ಲ. ಆದರೆ ಕಾಯುವುದು ಕಂಡಿದೆ. ನಾನು ಹತ್ತು ಸಲ ತಾಲೀಮು ನೋಡಿದರೂ ಇದು ತಿಳಿಯುತ್ತಿರಲಿಲ್ಲ. ಸೆರಗು ಹಿಂಡುವ ಜಾಗದಲ್ಲಿ ಯಾಕೆ ಯಾರೂ ಕೆಮ್ಮಲಿಲ್ಲ ಅಂತ ಆಗ ಗೊತ್ತಾಯಿತು.

ಹಿಂದೆ ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಹಿನ್ನೀರಿನ ಆಚೆ ಕಡೆಯಿಂದ ಮದುವೆಯಾಗಿ ಬಂದವರು. ಅವರಿಗೆ ಮಾತ್ರ ಮೊದಲ ನಿಮಿಷದಲ್ಲೇ ಇದು ಹೊಳೆಬಾಗಿಲು ಅಂತ ಗೊತ್ತಾಗಿತ್ತು. ಅಪ್ಪಣೆ ಕೇಳಿಯೇ ಹೇಳಿದರು. "ನಿಮ್ಮ ಹುಡುಗ್ರು ಎಲ್ಲಾ ನೀರಿಗೆ ಮುಖ ಮಾಡ್ಕಂಡು ನಿಂತಾರೆ. ಹಂಗೆ ಯಾರೂ ನಿಲ್ಲೂದಿಲ್ಲ. ಗಾಳಿ ಹೊಡೀತದೆ. ನಾವು ಬೆನ್ನು ಕೊಟ್ಟು ನಿಲ್ತಿದ್ವಿ. ಲಾಂಚ್ ಬರೂದು ಕಿವಿಗೆ ಗೊತ್ತಾಗ್ತದೆ, ಕಣ್ಣಿಗಲ್ಲ."

ನಾನು ವಾರಗಟ್ಟಲೆ ಕಟ್ಟಿದ್ದ ಮೊದಲ ಭಾಗ ಪೂರ್ತಿ ನೀರಿನ ಕಡೆ ನೋಟ ಇಟ್ಟದ್ದು. ಅದು ನಾನು ಪ್ರವಾಸಿಯಾಗಿ ಕಂಡ ದಡ ಅಂತ ಆ ಕ್ಷಣಕ್ಕೆ ಅರ್ಥವಾಯಿತು. ಮರುದಿನವೇ 5 ಜನರನ್ನೂ ತಿರುಗಿಸಿ ನಿಲ್ಲಿಸಿದೆ. ಬೆನ್ನು ನೀರಿಗೆ. ಮೊದಲು ಒಬ್ಬಳ ಕುತ್ತಿಗೆ ಒಂಚೂರು ತಿರುಗುತ್ತದೆ, ಆಮೇಲೆ ಇನ್ನೊಬ್ಬಳದು. ಅಲ್ಲಿ ಸಂಗೀತ ತೆಗೆದುಬಿಟ್ಟೆ. ಮಳೆ ಅದನ್ನು ಆಗಲೇ ತೋರಿಸಿಕೊಟ್ಟಿತ್ತು. ಕೇಳಿಸಿಕೊಳ್ಳುವ ಮೈ ಕಾಣಬೇಕಾದರೆ ಹಾಡು ಇರಬಾರದು.

ಹಾಗಂತ ಹೇಳಿದ್ದನ್ನೆಲ್ಲ ಮಾಡಲಿಲ್ಲ. ಅಡಿಕೆ ಮೂಟೆ ಹೊತ್ತವರನ್ನು ತೋರಿಸಿ, ಸಿಗಂದೂರು ದೇವಿಯ ಹಾಡು ಹಾಕಿ ಅಂತಲೂ ಮಾತು ಬಂತು. ಪ್ರೀತಿಯಿಂದಲೇ ಹೇಳಿದರು. ಬರೆದುಕೊಂಡೆ, ಬಿಟ್ಟೆ. ಯಾವ ಮಾತು ಈ ನೃತ್ಯಕ್ಕೆ ಸೇರಿದ್ದು, ಯಾವುದು ಹೇಳಿದವರ ಮನಸ್ಸಿನಲ್ಲಿರುವ ಬೇರೊಂದು ನೃತ್ಯಕ್ಕೆ ಸೇರಿದ್ದು ಅಂತ ಬೇರ್ಪಡಿಸುವುದು ಕಟ್ಟುವವರದೇ ಕೆಲಸ. ಅದನ್ನು ಬೇರೆಯವರಿಗೆ ಬಿಟ್ಟುಕೊಡಬಾರದು. ತೀರಾ ಬೇಗ ತೋರಿಸಿದರೆ ಈ ವಿವೇಕವೇ ಇರುವುದಿಲ್ಲ. ನನ್ನ ಅನುಭವದಲ್ಲಿ, ಏನನ್ನು ಬಿಡೋಕೆ ಸಾಧ್ಯವೇ ಇಲ್ಲ ಅಂತ ನಮಗೆ ಗೊತ್ತಾಗುವ ತನಕ ಕಾಯಬೇಕು. ಆಮೇಲೆ ತಡ ಮಾಡಬಾರದು.

ಇದು ಹೊರಗಿನಿಂದ ತಂದ ಶೋಕಿ ಅಂತ ಕೆಲವರಿಗೆ ಅನಿಸಬಹುದು. ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ 1962ರಲ್ಲಿ ಕೆಲವು ಯುವ ನರ್ತಕರು ಚರ್ಚಿನ ಹಾಲಿನಲ್ಲೇ ಪ್ರಯೋಗ ಶುರು ಮಾಡಿದರು. 1990ರ ದಶಕದಿಂದ ಅದೇ ಚರ್ಚಿನಲ್ಲಿ ಸೋಮವಾರ ಸಂಜೆ ಮುಗಿಯದ ಕೆಲಸಗಳನ್ನು ಟಿಕೆಟ್ ಇಲ್ಲದೆ ತೋರಿಸುವ ಪದ್ಧತಿ ಇದೆ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರ ಎಷ್ಟೋ ಕೃತಿಗಳಿಗೆ ಮೊದಲ ಪ್ರದರ್ಶನದ ದಿನ ಹೆಸರೇ ಇರುತ್ತಿರಲಿಲ್ಲ, 'ಹೊಸ ಕೃತಿ' ಅಂತ ಮಾತ್ರ ಇರುತ್ತಿತ್ತು. ಇದೆಲ್ಲ ನಿಜ. ಆದರೆ ನಮ್ಮ ಯಕ್ಷಗಾನ ನೋಡಿ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ, ಹಾಡಿ ಆಟ ನಡೆಸುವ ಭಾಗವತರ ಜೊತೆ ನಾಲ್ಕು ಮಾತು, ಆಮೇಲೆ ನೇರ ರಂಗಸ್ಥಳ. ಜನ ಹೇಗಿದ್ದಾರೆ ಅಂತ ನೋಡಿ ಭಾಗವತರು ಪದ್ಯ ಎತ್ತುತ್ತಾರೆ, ಬಿಡುತ್ತಾರೆ. ಇವತ್ತಿನ ಪ್ರಸಂಗ ನಾಳೆ ಇನ್ನೊಂದು ಊರಿನಲ್ಲಿ ಬೇರೆಯೇ ಆಗಿರುತ್ತದೆ. ನೋಡುವವರ ಎದುರಿಗೇ ಕಟ್ಟುವುದು ಮಲೆನಾಡಿಗೆ ಹೊಸದಲ್ಲ. ನೋಡಿದ್ದರ ಬಗ್ಗೆ ಕೂತು ಮಾತಾಡುವುದೂ ಹೊಸದಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ, ಬೆಳಗ್ಗೆ ಅದರ ಮೇಲೆ ಚರ್ಚೆ. ಅಲ್ಲಿ ನಾಟಕ ಆಗಲೇ ಸಿದ್ಧವಾಗಿರುತ್ತದೆ. ನಾನು ಕೇಳುತ್ತಿರುವುದು ಆ ಮಾತನ್ನು ಸ್ವಲ್ಪ ಮುಂಚೆ ತರೋಣ ಅಂತ ಅಷ್ಟೇ.

ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕಲ್ವಾ ಅಂತ ನನ್ನ ವಿದ್ಯಾರ್ಥಿನಿಯೇ ಕೇಳಿದಳು. ಸಾಲದು. ಫೋನಿನಲ್ಲಿ ನೋಡುವವರು ನನಗೆ ಕಾಣುವುದಿಲ್ಲ. ಅವರು ಯಾವಾಗ ಕಾಲು ಬದಲಾಯಿಸಿದರು ಅಂತ ಗೊತ್ತಾಗುವುದಿಲ್ಲ. ಬರುವುದು ಒಂದು ಹೆಬ್ಬೆರಳು, ಎರಡು ಹೂವು. ಇನ್ನೊಂದು, ಮುಗಿಯದ ಕೆಲಸ ಸ್ಟೇಟಸ್ಸಿನಲ್ಲಿ ಊರೆಲ್ಲ ಸುತ್ತಿದರೆ ಅದೇ ಕೊನೆಯ ರೂಪ ಅಂತ ಉಳಿದುಬಿಡುತ್ತದೆ. ಅದಕ್ಕೇ ಅವತ್ತು ಎಲ್ಲರ ಫೋನ್ ಚೀಲದಲ್ಲಿಡಿ ಅಂತ ಕೇಳಿಕೊಂಡೆ. ಎಲ್ಲರೂ ಇಟ್ಟರು. ಅವರಿಗೆ ನಾನು ಋಣಿ.

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆ ನೃತ್ಯ ಕಟ್ಟುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ತಿಂಗಳಿಗೊಮ್ಮೆ ಯಾರದಾದರೂ ಮನೆ ಜಗಲಿಯಲ್ಲಿ, ಶಾಲೆಯ ಹಾಲಿನಲ್ಲಿ ಕೂರೋಣ. ಒಂದು ಸಂಜೆಗೆ ಎರಡು ಕೆಲಸ, ತಲಾ 15 ನಿಮಿಷ, ಉಳಿದದ್ದು ಮಾತು. ಅತಿಥಿಗಳು ಬೇಡ, ಹಾರ ಬೇಡ. ಒಂದು ಫ್ಲಾಸ್ಕ್ ಕಷಾಯ ನಾನು ತರುತ್ತೇನೆ. ನೃತ್ಯ ಗೊತ್ತಿಲ್ಲದವರು ಖಂಡಿತ ಬರಬೇಕು. ನನಗೆ ಬೇಕಾದ ಮಾತು ಸಿಕ್ಕಿದ್ದು ಅಂಥವರಿಂದಲೇ.

ನಮ್ಮದನ್ನು ಅಡಿಕೆ ಕೊಯ್ಲು ಜೋರಾಗುವ ಮುಂಚೆ ಅದೇ ಶೆಡ್ಡಿನಲ್ಲಿ ಇನ್ನೊಮ್ಮೆ ತೋರಿಸುತ್ತೇವೆ. ಆಮೇಲೆ ಅಲ್ಲಿ ಜಾಗ ಇರುವುದಿಲ್ಲ. ಆ ಅಜ್ಜಿ ಮತ್ತೆ ಬರುತ್ತೇನೆ ಅಂದಿದ್ದಾರೆ. ಕೊನೆಯಲ್ಲಿ ಲಾಂಚ್ ಬರುತ್ತದೋ ಇಲ್ಲವೋ ಅಂತ ಅವರಿಗೆ ನೋಡಬೇಕಂತೆ. ನನಗೂ ಅದು ಇನ್ನೂ ಗೊತ್ತಾಗಿಲ್ಲ.